ತಕ್ಕಡಿಗಿಟ್ಟ ಕುಂಕುಮ

ಮಧ್ಯಾಹ್ನ ಸಾರಿಗೆ ಒಗ್ಗರಣೆ ಹಾಕಿ, ಹೊಗೆ ಹೋಗಲಿ ಎಂದು ಅಡುಗೆಮನೆಯ ಕಿಟಕಿ ತೆರೆದೆ. ಒಳಗಿನ ಹೊಗೆ ಹೊರಗೆ ಹೋಗುವ ಬದಲು ಹೊರಗಿನದೇ ಒಳಗೆ ಬಂತು. ಹ್ಯಾಲೋವೀನ್ ಹತ್ತಿರವಾದರೆ ನಮ್ಮ ಮನೆಸಾಲುಗಳ ಎಸ್ಟೇಟಿನ ಹುಲ್ಲುಬಯಲಲ್ಲಿ ಯಾರಾದರೂ ಪಟಾಕಿ ಸಿಡಿಸುತ್ತಲೇ ಇರುತ್ತಾರೆ. ಈ ದೇಶದಲ್ಲಿ ಪಟಾಕಿ ಕಾನೂನಿಗೆ ವಿರುದ್ಧ. ಆದರೂ ಕಾರ್ಕ್ ನಗರದ ಪಕ್ಕದ ನಮ್ಮ ಬ್ಯಾಲಿನ್‌ಕೊಲಿಗ್‌ನಲ್ಲಿ ಅಕ್ಟೋಬರ್ ಕೊನೆಗೆ ಕಿವಿ ಮುಚ್ಚಿಕೊಳ್ಳದ ನಾಯಿ ಒಂದೂ ಇಲ್ಲ. ಇಂಗಿನ ವಾಸನೆಯ ಜೊತೆ ಆ ಸುಟ್ಟ ಮದ್ದಿನ ವಾಸನೆ ಬೆರೆತು, ಸೌಟು ಹಿಡಿದವಳು ಹಾಗೆಯೇ ನಿಂತುಬಿಟ್ಟೆ.

ಊರಿನ ದೀಪಾವಳಿ ನೆನಪಾಯಿತೇ ಎಂದು ನೀವು ಕೇಳಬಹುದು. ಹೌದು ಎಂದುಬಿಟ್ಟರೆ ಅದು ಮರ್ಯಾದೆಯ ಉತ್ತರ. ಎದುರಿಗೆ ಯಾರಾದರೂ ಇದ್ದಿದ್ದರೆ ಹಾಗೆಯೇ ಹೇಳುತ್ತಿದ್ದೆನೇನೋ. ಬರೆಯುವಾಗ ಸುಳ್ಳು ಹೇಳಬಾರದು. ನನಗೆ ನೆನಪಾದದ್ದು ಗುಡ್ಡದ ಮೇಲಿನ ಒಂದು ತಗಡಿನ ಚಾವಣಿ, ಅದರಾಚೆಯ ಮಂಜು, ಮಂಜಿನೊಳಗೆ ಎಲ್ಲೋ ಕುರಿಗಳು, ಚಾವಣಿಯ ಕೆಳಗೆ ಮೇಜಿನ ಮುಂದೆ ಕೂತು ಮುಂಗೈಯನ್ನು ಮರಳಿನ ಚೀಲದ ಮೇಲಿಟ್ಟು ಪಿಸ್ತೂಲು ಹಿಡಿದಿರುವ ಫಿನ್‌ಬಾರ್. ಅವರ ಪಕ್ಕದಲ್ಲಿ, ಸೀರೆಯ ಮೇಲೆ ಮಗಳ ಹಳೆಯ ಜಾಕೆಟ್ಟು ತೊಟ್ಟು, ಕಿವಿಗೆ ದೊಡ್ಡ ಹಸಿರು ಬಟ್ಟಲುಗಳಂಥವನ್ನು ಕಟ್ಟಿಕೊಂಡು, ನೋಟುಬುಕ್ಕು ಹಿಡಿದು ಕೂತಿರುವ ನಾನು.

ನನ್ನಂಥವಳು ಅಲ್ಲಿಗೆ ಹೇಗೆ ಹೋದಳು ಎನ್ನುವುದನ್ನು ಹೇಳಲೇಬೇಕು. ಇರುವೆ ಸಾಲು ಬಂದರೆ ಅಡ್ಡಲಾಗಿ ರಂಗೋಲಿ ಪುಡಿಯ ಗೆರೆ ಎಳೆದು ದಾರಿ ತಿರುಗಿಸುವ ಮನೆಯಲ್ಲಿ ಬೆಳೆದವಳು ನಾನು. ಮದುವೆಯಾಗಿ ಮೈಸೂರು, ಅಲ್ಲಿಂದ ನಮ್ಮವರ ಕಂಪ್ಯೂಟರ್ ಕೆಲಸದ ಹಿಂದೆ ಈ ಕಾರ್ಕ್. ಅವರು ಬೆಳಗ್ಗೆ ಲಿಟಲ್ ಐಲ್ಯಾಂಡಿನ ಆಫೀಸಿಗೆ ಹೊರಟರೆ, ಮಗಳು ಶಾಲೆಗೆ ಹೊರಟರೆ, ಮನೆಯಲ್ಲಿ ನಾನು ಮತ್ತು ನನ್ನ ರಾಮಕೋಟಿ. ಗೊತ್ತಿಲ್ಲದವರಿಗೆ ಹೇಳುತ್ತೇನೆ, ಒಂದೇ ನಾಮವನ್ನು ಗೆರೆ ಹಾಕಿದ ಪುಸ್ತಕದಲ್ಲಿ ಬರೆಯುತ್ತಾ ಹೋಗುವುದು. ಕೋಟಿ ಮುಟ್ಟುತ್ತೇನೆಂಬ ಭ್ರಮೆ ನನಗಿಲ್ಲ. ಮುಂದಿನ ಕೋಣೆಯ ಕಿಟಕಿಯ ಪಕ್ಕ ಬೆಳಕು ಚೆನ್ನಾಗಿ ಬೀಳುತ್ತದೆ, ಅಲ್ಲೇ ಕೂತು ಬರೆಯುತ್ತಿದ್ದೆ. ಪಕ್ಕದ ಮನೆಯ ಫಿನ್‌ಬಾರ್ ಕಸದ ಡಬ್ಬಿ ಹೊರಗಿಡುವಾಗ, ಒಳಗೆ ತರುವಾಗ, ನನ್ನನ್ನು ನೋಡುತ್ತಿದ್ದರಂತೆ.

ಫಿನ್‌ಬಾರ್ ಎಂದರೆ ಆಗಲೇ ಎಪ್ಪತ್ತು ದಾಟಿದ್ದ ಮನುಷ್ಯ. ಜೀವಮಾನವೆಲ್ಲ ಲೇತ್ ಯಂತ್ರದ ಮುಂದೆ ನಿಂತು ಲೋಹ ಕಡೆದವರು. ಕಿಟಕಿಯ ಚಿಲಕ ಸಡಿಲವಾದರೂ ಸರಿಯೇ, ಕೂದಲೆಳೆಯಷ್ಟು ವ್ಯತ್ಯಾಸವನ್ನು ಬೆರಳಲ್ಲಿ ಮುಟ್ಟಿ ಹೇಳುತ್ತಿದ್ದರು. ಹಿಂದಿನ ವರ್ಷ ಅವರ ಹೆಂಡತಿ ನೋರಾ ತೀರಿಕೊಂಡಿದ್ದರು. ನಾನು ಕೊಟ್ಟ ಉಪ್ಪಿಟ್ಟಿನ ತಟ್ಟೆಯನ್ನು ವಾಪಸ್ಸು ಕೊಡಲು ಬಂದ ದಿನ ಅವರು ಬಾಗಿಲಲ್ಲೇ ನಿಂತು, ದಿನಾ ಏನು ಬರೆಯುತ್ತೀ ಎಂದು ಕೇಳಿದರು. ಪುಸ್ತಕ ತಂದು ತೋರಿಸಿದೆ. ಹಾಳೆ ತಿರುವಿದರು, ಮತ್ತೆ ತಿರುವಿದರು. ಎಲ್ಲಾ ಒಂದೇ ಪದವಾ ಎಂದರು. ಹೌದು, ದೇವರ ಹೆಸರು ಎಂದೆ. ಎಲ್ಲೂ ಬಿಟ್ಟಿಲ್ಲವಾ ಎಂದರು. ಬಿಟ್ಟರೆ ಆ ಸಾಲನ್ನೇ ಮತ್ತೆ ಬರೆಯುತ್ತೇನೆ ಎಂದೆ. ಅವರ ಇಂಗ್ಲಿಷನ್ನು ನಾನು ಮನಸ್ಸಿನೊಳಗೆ ಕನ್ನಡ ಮಾಡಿಕೊಂಡೇ ಕೇಳುತ್ತಿದ್ದೆ, ಇಲ್ಲೂ ಹಾಗೆಯೇ ಬರೆಯುತ್ತೇನೆ.

"ನನಗೆ ಬೇಕಾಗಿರೋಳು ನೀನೇ ಗರ್ಲ್," ಎಂದರು. ಕಾರ್ಕಿನಲ್ಲಿ ಎಂಬತ್ತರ ಅಜ್ಜಿಯನ್ನೂ ಹಾಗೆಯೇ ಕರೆಯುತ್ತಾರೆ, ನನಗೆ ಆಗಿನ್ನೂ ನಲವತ್ತೆರಡು.

ವಿಷಯ ಇಷ್ಟು. ಅವರು ಪಿಸ್ತೂಲಿನ ಗುರಿ ಸ್ಪರ್ಧೆಗೆ ಹೋಗುವವರು. ಅಂಗಡಿಯಲ್ಲಿ ಕೊಂಡ ತೋಟಾ ಅವರಿಗೆ ಒಗ್ಗುತ್ತಿರಲಿಲ್ಲ, ಖಾಲಿ ಚಿಪ್ಪಿಗೆ ಮದ್ದು, ಗುಂಡು ಸ್ವಂತ ಕೈಯಿಂದ ತುಂಬಿಕೊಳ್ಳಬೇಕು. ಅಂಗಡಿಯ ದೋಸೆಹಿಟ್ಟಿನಲ್ಲೂ ದೋಸೆಯಾಗುತ್ತದೆ, ಆದರೆ ನಮ್ಮ ನಮ್ಮ ಕಾವಲಿಯ ಗುಣ ನಮಗೆ ಗೊತ್ತಲ್ಲ, ಹಾಗೆ. ಇದನ್ನು ಇಲ್ಲಿ ಮನೆಯಲ್ಲಿ ಮಾಡುವ ಹಾಗಿಲ್ಲ. ಗುಡ್ಡದ ಮೇಲಿನ ಅವರ ಕ್ಲಬ್ಬಿನಲ್ಲಿ ಅನುಮತಿ ಪಡೆದ ಒಂದು ಚಿಕ್ಕ ಕೋಣೆ ಇತ್ತು, ಬೀಗ, ರಿಜಿಸ್ಟರು, ಎಲ್ಲ ಕಟ್ಟುನಿಟ್ಟು. ಅಲ್ಲಿ ತುಂಬಿದ್ದನ್ನು ಪಕ್ಕದಲ್ಲೇ ಹಾರಿಸಿ ಪರೀಕ್ಷೆ ಮಾಡುವುದು. ಒಂದೊಂದು ಗುಂಡಿನ ವೇಗವನ್ನೂ ಒಂದು ಸಣ್ಣ ಯಂತ್ರ ಅಂಕಿಯಲ್ಲಿ ತೋರಿಸುತ್ತದೆ. ಹಾರಿಸುವವರು ಗುರಿಯಿಂದ ಕಣ್ಣು ತೆಗೆಯುವ ಹಾಗಿಲ್ಲ, ಅಂಕಿಯನ್ನು ಬೇರೆ ಯಾರಾದರೂ ನೋಡಿ ಬರೆಯಬೇಕು. ಇಪ್ಪತ್ತು ವರ್ಷ ನೋರಾ ಬರೆದಿದ್ದರಂತೆ. ಆಮೇಲೆ ಪುಸ್ತಕ ಖಾಲಿ.

ನಾನು ಕೇಳಿದ ಮೊದಲನೆಯ ಪ್ರಶ್ನೆ, ನೀವು ಯಾವತ್ತಾದರೂ ಏನನ್ನಾದರೂ ಕೊಂದಿದ್ದೀರಾ ಎಂದು. ಅವರಿಗೆ ಬೇಜಾರಾಗಲಿಲ್ಲ.

"ಕಾಗದ," ಎಂದರು. "ಬರೀ ಕಾಗದ. ಅದನ್ನ ಮಾತ್ರ ತುಂಬಾ ಕೊಂದಿದೀನಿ."

ರಾತ್ರಿ ಊಟಕ್ಕೆ ಕೂತಾಗ ನಮ್ಮವರಿಗೆ ಹೇಳಿದೆ. ರಾಮನ ಹೆಸರು ಬರೆಯುವವಳು ಪಿಸ್ತೂಲಿನ ಲೆಕ್ಕ ಬರೆಯಲು ಹೊರಟಿದ್ದಾಳೆ ಎಂದು ಅವರು ಮೈಸೂರಿನ ನಾದಿನಿಗೆ ಫೋನು ಮಾಡಿ ನಗಾಡಿದರು. ರಾಮನ ಕೈಯಲ್ಲಿ ಇದ್ದದ್ದೇನು, ತಂಬೂರಿಯಾ ಎಂದೆ. ಮಗಳಿಗೆ ಮಾತ್ರ ಬಹಳ ಹೆಮ್ಮೆ. ಕನ್ನಡದಲ್ಲಿ ಕೇಳಿಸಿಕೊಂಡು ಇಂಗ್ಲಿಷಿನಲ್ಲಿ ಉತ್ತರಿಸುವ ಹುಡುಗಿ, ಅಪ್ಪಟ ಕಾರ್ಕಿನ ರಾಗದಲ್ಲಿ, ನಮ್ಮಮ್ಮ ಶೂಟಿಂಗ್ ಕ್ಲಬ್ಬಿಗೆ ಹೋಗುತ್ತಾಳೆ ಎಂದು ಶಾಲೆಯಲ್ಲೆಲ್ಲ ಹೇಳಿಕೊಂಡು ಬಂದಳು.

ಹೀಗೆ ನನ್ನ ಶನಿವಾರಗಳು ಶುರುವಾದವು. ಒಂಬತ್ತೂವರೆಗೆ ಫಿನ್‌ಬಾರ್ ಅವರ ಹಳೆಯ ಕಾರು ಗೇಟಿನ ಮುಂದೆ ಬಂದು ಒಂದು ಸಲ ಮಾತ್ರ ಹಾರ್ನ್ ಮಾಡುತ್ತಿತ್ತು. ಹಿಂದಿನ ಸೀಟಿನಲ್ಲಿ ಫ್ಲಾಸ್ಕು, ನನ್ನ ಕಡೆಯಿಂದ ಒಂದು ಡಬ್ಬಿ ಚಿತ್ರಾನ್ನ. ಅನ್ನ ಹಳದಿ ಇರುವುದು ಅವರಿಗೆ ಮೊದಲ ಎರಡು ವಾರ ಅನುಮಾನ, ಆಮೇಲೆ ಕಡಲೆಕಾಯಿ ಬೀಜ ಕಡಿಮೆಯಾದರೆ ದೂರು.

ಅಲ್ಲಿ ಕೂತಾಗ ಆಗುತ್ತಿದ್ದುದನ್ನು ಹೇಗೆ ಹೇಳಲಿ. ಬಂದೂಕಿನ ಜಾಗ ಎಂದರೆ ಗದ್ದಲ ಎಂದುಕೊಂಡಿದ್ದೆ. ಆ ಹಸಿರು ಬಟ್ಟಲುಗಳನ್ನು ಕಿವಿಗೆ ಹಾಕಿಕೊಂಡರೆ ಲೋಕವೇ ಹತ್ತಿಯಲ್ಲಿ ಸುತ್ತಿಟ್ಟ ಹಾಗೆ. ನನ್ನ ಉಸಿರು ನನಗೇ ಕೇಳುತ್ತಿತ್ತು, ಬಾವಿಯೊಳಗೆ ಯಾರೋ ಮಲಗಿ ಉಸಿರಾಡುವ ಹಾಗೆ. ಮುಂದೆ ಮಂಜು ಒಂದು ಕಡೆ ಹರಿದು ಹುಲ್ಲು ಕಾಣುತ್ತಿತ್ತು, ಮತ್ತೆ ಮುಚ್ಚಿಕೊಳ್ಳುತ್ತಿತ್ತು. ಫಿನ್‌ಬಾರ್ ಉಸಿರು ಬಿಡುತ್ತಿದ್ದುದು ಅವರ ಬೆನ್ನಿನಲ್ಲಿ ಕಾಣುತ್ತಿತ್ತು. ಬೆನ್ನು ನಿಂತಾಗ ನನ್ನ ನಾಮವೂ ನಿಲ್ಲುತ್ತಿತ್ತು. ಆಮೇಲೆ ಎದೆಗೆ ಒಂದು ತಟ್ಟು, ಶಬ್ದವಲ್ಲ, ತಟ್ಟು. ಯಂತ್ರದ ಮೇಲೆ ಅಂಕಿ. ಬರೆದೆ. ಹಿತ್ತಾಳೆಯ ಖಾಲಿ ಚಿಪ್ಪು ಕಾಲ ಬುಡದಲ್ಲಿ ಉರುಳಿತು. ಮತ್ತೆ ಉಸಿರು, ಮತ್ತೆ ನಾಮ, ಮತ್ತೆ ಅಂಕಿ. ಹತ್ತು ಮುಗಿದ ಮೇಲೆ ಪುಸ್ತಕ ನೋಡಿದರೆ ಹತ್ತು ಅಂಕಿಗಳೂ ಅಣ್ಣತಮ್ಮಂದಿರ ಹಾಗೆ, ಒಬ್ಬರಿಗೊಬ್ಬರು ಸ್ವಲ್ಪವೇ ಎತ್ತರ ತಗ್ಗು. ಅದನ್ನೇ ಅವರು ಬಯಸುತ್ತಿದ್ದುದು. ವೇಗ ಹೆಚ್ಚಿರಬೇಕೆಂದಲ್ಲ, ಹತ್ತೂ ಒಂದೇ ಥರ ಇರಬೇಕು. "ಗ್ರ್ಯಾಂಡ್," ಎನ್ನುತ್ತಿದ್ದರು. ಇಲ್ಲಿ ಗ್ರ್ಯಾಂಡ್ ಎಂದರೆ ಭಾರಿ ಎಂದೇನಲ್ಲ, ಪರವಾಗಿಲ್ಲ ಎಂದಷ್ಟೇ. ಆದರೆ ಫಿನ್‌ಬಾರ್ ಅದಕ್ಕಿಂತ ದೊಡ್ಡ ಮಾತಾಡಿದ್ದನ್ನು ನಾನು ಕೇಳಿಲ್ಲ.

ಕೆಲವು ಶನಿವಾರ ಮಳೆ ಬಂದು ಬರೀ ಟೀ ಕುಡಿದು ವಾಪಸ್ಸು. ಅದೂ ದೇವರ ದಯೆಯೇ. ಅಂಥ ದಿನಗಳಲ್ಲಿ ಅವರು ನೋರಾ ಬಗ್ಗೆ ಹೇಳುತ್ತಿದ್ದರು. ಆಕೆ ಅಂಕಿ ಬರೆಯುತ್ತಾ ಬರೆಯುತ್ತಾ ಹಾಳೆಯ ಅಂಚಿನಲ್ಲಿ ಅಂದಿನ ಹಕ್ಕಿಗಳ ಹೆಸರನ್ನೂ ಬರೆದಿಡುತ್ತಿದ್ದರಂತೆ. ನನಗೆ ಇಲ್ಲಿಯ ಹಕ್ಕಿಗಳ ಹೆಸರು ಗೊತ್ತಿಲ್ಲ. ನಾನು ಅಂಚಿನಲ್ಲಿ ಸಣ್ಣದಾಗಿ ಶ್ರೀ ಎಂದು ಬರೆಯುತ್ತಿದ್ದೆ.

ಎರಡನೆಯ ವರ್ಷ ಆಯುಧಪೂಜೆ ಶನಿವಾರವೇ ಬಂತು. ಬೆಳಗ್ಗೆ ಎದ್ದು ಚಾಕು, ಕತ್ತರಿ, ಮಿಕ್ಸಿ, ಮಗಳ ಸೈಕಲ್ಲು, ನಮ್ಮವರ ಲ್ಯಾಪ್‌ಟಾಪು, ಎಲ್ಲಕ್ಕೂ ಕುಂಕುಮ ಇಟ್ಟು ಮುಗಿಸಿದ್ದೆ. ಉಳಿದ ಕುಂಕುಮದ ಚಿಕ್ಕ ಡಬ್ಬಿ ಚೀಲದಲ್ಲೇ ಇತ್ತು. ಕ್ಲಬ್ಬಿನ ಕೋಣೆಯಲ್ಲಿ ಫಿನ್‌ಬಾರ್ ತಕ್ಕಡಿಯನ್ನು ಸಮ ಮಾಡಿಟ್ಟು, ಪಿಸ್ತೂಲು ಪೆಟ್ಟಿಗೆಯ ಬೀಗದ ವಿಷಯ ಕ್ಲಬ್ಬಿನವರೊಬ್ಬರ ಜೊತೆ ಮಾತಾಡಲು ಬಾಗಿಲಾಚೆ ಹೋದರು. ಆ ತಕ್ಕಡಿ ಅವರದೇ, ಹಳೆಯದು, ಒಂದು ಸಣ್ಣ ಕಡ್ಡಿ, ಅದರ ತುದಿಗೆ ತೂಗುವ ಬೆರಳುದ್ದದ ತಟ್ಟೆ. ಮದ್ದನ್ನು ಅದರಲ್ಲೇ ಒಂದೊಂದಾಗಿ ತೂಗಿ ಚಿಪ್ಪಿಗೆ ಹಾಕುವುದು. ತೂಕವೆಂದರೆ ಚಿಟಿಕೆಗೂ ಕಡಿಮೆ.

ನನಗೆ ಅನಿಸಿತು, ಈ ಮನುಷ್ಯ ಲೋಹದ ಜೊತೆಯೇ ಬದುಕಿದವನು, ಇವನ ಸಾಮಾನಿಗೆ ಇಷ್ಟು ವರ್ಷದಲ್ಲಿ ಯಾರೂ ಒಂದು ಪೂಜೆ ಮಾಡಿಲ್ಲ. ಅಂಗೈಯಲ್ಲಿ ಎರಡು ಹನಿ ನೀರು ಹಾಕಿ ಕುಂಕುಮ ಕಲಸಿದೆ. ಗುಂಡನ್ನು ಚಿಪ್ಪಿಗೆ ಒತ್ತುವ ಯಂತ್ರದ ಹಿಡಿಗೆ ಒಂದು, ಮೇಜಿನ ಕಾಲಿಗೆ ಒಂದು. ತಕ್ಕಡಿಗೂ ಇಡಬೇಕಲ್ಲ. ಎದುರಿಗೆ ಇಟ್ಟರೆ ಅಲ್ಲಿಯ ಬೇರೆ ಸದಸ್ಯರು ಏನಂದುಕೊಂಡಾರೋ ಎಂದು, ಆ ತಟ್ಟೆಯನ್ನೆತ್ತಿ ಅದರ ತಳಕ್ಕೆ ದಪ್ಪನಾಗಿ ಒಂದು ಬೊಟ್ಟು ಇಟ್ಟು, ಹೇಗಿತ್ತೋ ಹಾಗೆ ತೂಗುಹಾಕಿ, ಕಣ್ಣು ಮುಚ್ಚಿ ಕೈಮುಗಿದೆ. ಅವರಿಗೆ ಒಳ್ಳೆಯದಾಗಲಿ ಎಂದೇ ಕೇಳಿಕೊಂಡೆ. ಬೇರೆ ಏನೂ ಕೇಳಿಕೊಳ್ಳಲಿಲ್ಲ.

ಅವರು ಒಳಗೆ ಬಂದು ಐವತ್ತು ತೋಟಾ ತುಂಬಿದರು.

ಮುಂದಿನ ಶನಿವಾರ ಅದನ್ನು ಹಾರಿಸಿದಾಗ ಅಂಕಿಗಳು ಸಂತೆಯ ಜನರ ಹಾಗೆ ಬಂದವು. ಒಂದು ಎತ್ತರ, ಒಂದು ಕುಳ್ಳ, ಒಂದಕ್ಕೊಂದು ಸಂಬಂಧವಿಲ್ಲ. ಎಲ್ಲವೂ ಎಂದಿಗಿಂತ ನಿಧಾನ. ಆರನೆಯದಕ್ಕೆ ಎದೆಗೆ ತಟ್ಟುವ ಪೆಟ್ಟು ಎಷ್ಟು ಮೆತ್ತಗಿತ್ತೆಂದರೆ ನನಗೇ ಗೊತ್ತಾಯಿತು. ಫಿನ್‌ಬಾರ್ ಥಟ್ಟನೆ ನಿಲ್ಲಿಸಿ, ಪಿಸ್ತೂಲನ್ನು ಖಾಲಿ ಮಾಡಿ, ನಳಿಗೆಯೊಳಗೆ ಬೆಳಕು ಬಿಟ್ಟು ಬಹಳ ಹೊತ್ತು ನೋಡಿದರು. ಮದ್ದು ಕಡಿಮೆಯಾದರೆ ಗುಂಡು ನಳಿಗೆಯೊಳಗೇ ಸಿಕ್ಕಿಕೊಳ್ಳಬಹುದು, ಅದರ ಹಿಂದೆ ಇನ್ನೊಂದನ್ನು ಹಾರಿಸಿದರೆ ಕೈಯೇ ಹೋಗಬಹುದು ಎಂದು ಆಮೇಲೆ ಹೇಳಿದರು. ಹೇಳುವಾಗ ಅವರ ಮುಖ ಬೂದಿಯ ಬಣ್ಣಕ್ಕೆ ತಿರುಗಿತ್ತು. ಉಳಿದದ್ದನ್ನೆಲ್ಲ ಬಿಚ್ಚಿ, ಅವತ್ತೇ ಹೊಸದಾಗಿ ಇಪ್ಪತ್ತು ತುಂಬಿದರು. ಇನ್ನೂ ನಿಧಾನವಾಗಿ, ಇನ್ನೂ ಎಚ್ಚರವಾಗಿ, ಕನ್ನಡಕವನ್ನು ಎರಡು ಸಲ ಒರೆಸಿಕೊಂಡು. ಅದೂ ಹಾಗೆಯೇ. ಈ ಸಲ ನಿಧಾನದವುಗಳ ಜೊತೆ ಎಂದಿನ ವೇಗದವೂ ಸೇರಿಕೊಂಡವು.

ಪುಸ್ತಕವನ್ನು ನನ್ನ ಕೈಯಿಂದ ತೆಗೆದುಕೊಂಡು ಅಂಕಿಗಳ ಮೇಲೆ ಬೆರಳಾಡಿಸಿದರು. ಯಂತ್ರ ಕೆಟ್ಟಿರಬಹುದೇ ಎಂದು ಕೇಳಿದೆ. ಪಕ್ಕದವರ ತೋಟಾ ಅದೇ ಯಂತ್ರದ ಮುಂದೆ ಸರಿಯಾಗಿ ಬರುತ್ತಿದೆ ಎಂದರು.

"ಕಣ್ಣು ಹೋಯ್ತು ಗರ್ಲ್. ಕೈಯೂ ಹೋಯ್ತು. ತೂಗೋಕೆ ಬರದವನು ಹಾರಿಸಬಾರದು."

ಸೋಮವಾರ ಗಾರ್ಡಾ ಸ್ಟೇಷನ್ನಿಗೆ, ಎಂದರೆ ಇಲ್ಲಿಯ ಪೊಲೀಸು ಠಾಣೆಗೆ, ಹೋಗಿ ಪರವಾನಗಿ ಒಪ್ಪಿಸಿಬಿಡುತ್ತೇನೆ ಎಂದರು. ಇದನ್ನು ನೀವು ಸರಿಯಾಗಿ ತಿಳಿದುಕೊಳ್ಳಬೇಕು. ಅವರ ಪಿಸ್ತೂಲಿನ ಬಗೆಗೆ ಈ ದೇಶದಲ್ಲಿ ಹೊಸ ಪರವಾನಗಿ ಕೊಡುವುದನ್ನು ಎಷ್ಟೋ ವರ್ಷದ ಹಿಂದೆಯೇ ನಿಲ್ಲಿಸಿದ್ದಾರೆ. ಮೊದಲಿಂದ ಇದ್ದವರು ಉಳಿಸಿಕೊಂಡು ಬರಬಹುದು, ಅಷ್ಟೇ. ಒಮ್ಮೆ ಬಿಟ್ಟರೆ ಮನಸ್ಸು ಬದಲಾಯಿತು ಎಂದು ವಾಪಸ್ಸು ಕೇಳುವ ಹಾಗಿಲ್ಲ. ಇದನ್ನು ಅವರೇ ಹಿಂದೆ ನನಗೆ ಹೇಳಿದ್ದರು.

ಸಾಮಾನು ಎತ್ತಿಡಲು ಅವರಿಗೆ ಮನಸ್ಸಿರಲಿಲ್ಲ, ನಾನೇ ಎತ್ತಿಡುತ್ತೇನೆ ಎಂದೆ. ತಕ್ಕಡಿಯ ತಟ್ಟೆಯನ್ನು ಬಿಚ್ಚಿ ಬಟ್ಟೆಯಲ್ಲಿ ಸುತ್ತುವಾಗ ನನ್ನ ತೋರುಬೆರಳು ಕೆಂಪಾಯಿತು. ತಿರುಗಿಸಿ ನೋಡಿದೆ. ನಾನಿಟ್ಟ ದಪ್ಪ ಬೊಟ್ಟು ಒಣಗಿ, ಬಿರುಕುಬಿಟ್ಟು, ಅರ್ಧ ಉದುರಿಹೋಗಿತ್ತು. ಅದರ ಪುಡಿ ಮೇಜಿನ ಮೇಲೆ ಎಳ್ಳಿನಷ್ಟು ಎಳ್ಳಿನಷ್ಟು ಬಿದ್ದಿತ್ತು. ಹಸಿ ಇದ್ದಾಗ ಅದರ ತೂಕವನ್ನೂ ಮದ್ದಿನ ತೂಕವೆಂದೇ ತಕ್ಕಡಿ ತಿಳಿದಿತ್ತು, ಅಷ್ಟು ಮದ್ದು ಕಡಿಮೆ ಬಿದ್ದಿತ್ತು, ಒಣಗಿ ಉದುರುವಾಗ ಒಂದೊಂದು ಸಲ ಒಂದೊಂದು ತೂಕ ಹೇಳಿತ್ತು. ಕಣ್ಣು ಹೋಗಿದ್ದು ಅವರದಲ್ಲ. ನನ್ನದು, ಅದೂ ಮುಚ್ಚಿಕೊಂಡು ಕೈಮುಗಿದಾಗ.

ನನಗಿಂತ ಚೆನ್ನಾಗಿ ಇದು ಇನ್ಯಾರಿಗೆ ಗೊತ್ತಿರಬೇಕಿತ್ತು? ನಮ್ಮಪ್ಪ ನಂಜನಗೂಡಿನಲ್ಲಿ ಅಕ್ಕಸಾಲಿ. ಆಯುಧಪೂಜೆಯ ದಿನ ಚಿಮಟ, ಸುತ್ತಿಗೆ, ಊದುಗೊಳವೆ, ಎಲ್ಲಕ್ಕೂ ಕುಂಕುಮ ಇಡಲು ನಮಗೆ ಬಿಡುತ್ತಿದ್ದರು, ತಕ್ಕಡಿಯನ್ನು ಮಾತ್ರ ಮುಟ್ಟಿಸುತ್ತಿರಲಿಲ್ಲ. ಅದರ ಮರದ ಪೆಟ್ಟಿಗೆಯ ಮುಚ್ಚಳಕ್ಕೆ ತಾವೇ ಒಂದು ಬೊಟ್ಟಿಟ್ಟು ಮುಗಿಸುತ್ತಿದ್ದರು. ಯಾಕಪ್ಪಾ ಎಂದು ಕೇಳಿದ್ದಕ್ಕೆ, ತಕ್ಕಡಿಗೆ ಅಲಂಕಾರ ಬೇಡ ಮಗಳೇ, ಅದನ್ನು ಅದರ ಪಾಡಿಗೆ ಬಿಡುವುದೇ ಪೂಜೆ ಎಂದಿದ್ದರು. ಆ ಮಾತು ನನ್ನೊಳಗೆ ಇದ್ದೇ ಇತ್ತು. ಬೇಕಾದ ದಿನ ಎದ್ದು ಬರಲಿಲ್ಲ.

ಆಗಲೇ ಹೇಳಬೇಕಿತ್ತು. ಹೇಳಲಿಲ್ಲ. ಕಾರಿನಲ್ಲಿ ಮುಷ್ಟಿ ಬಿಗಿಹಿಡಿದು ಕೂತೆ, ಬೆರಳಿನ ಕೆಂಪು ಕಾಣಬಾರದೆಂದು.

ಮನೆಗೆ ಬಂದು ನಮ್ಮವರಿಗೆ ಹೇಳಿದೆ. ಅವರು ಮೊದಲು ನಕ್ಕರು, ಆಮೇಲೆ ನಗಲಿಲ್ಲ. ಅವರ ಮಾತನ್ನೂ ನ್ಯಾಯವಾಗಿಯೇ ಬರೆಯುತ್ತೇನೆ.

"ಒಂದು ಮಾತು ಕೇಳ್ತೀನಿ. ಅವ್ರಿಗೆ ವಯಸ್ಸಾಗಿದೆ. ಅವರಾಗೇ ಬಿಡ್ತೀನಿ ಅಂತಿದಾರೆ. ಇನ್ನೊಂದೆರಡು ವರ್ಷದಲ್ಲಿ ಹೆಂಗಿದ್ರೂ ಬಿಡ್ಬೇಕು. ನೀನ್ಯಾಕೆ ಹೋಗಿ ಹೇಳ್ಬೇಕು? ಸೇಫಾಗಿ ಮನೇಲಿರ್ತಾರೆ, ಬಿಡು."

ಅದರಲ್ಲಿ ಸತ್ಯ ಇರಲಿಲ್ಲವೆಂದಲ್ಲ. ಭಾನುವಾರ ಪೂರ್ತಿ ಆ ಸತ್ಯವನ್ನೇ ಹಿಡಿದುಕೊಂಡು ಓಡಾಡಿದೆ. ಹೇಳದಿದ್ದರೆ ಒಳ್ಳೆಯದೇ ಆಗಬಹುದು. ಹೇಳಿದರೆ ನನ್ನನ್ನು ಇನ್ನು ಕಾರು ಹತ್ತಿಸಲಿಕ್ಕಿಲ್ಲ. ನನ್ನ ದೇವರ ಬಗ್ಗೆ ಏನಾದರೂ ಅಂದುಬಿಟ್ಟರೆ ಅದನ್ನು ಹೇಗೆ ತಡೆದುಕೊಳ್ಳಲಿ? ಇದು ಎಲ್ಲಕ್ಕಿಂತ ದೊಡ್ಡ ಭಯ, ನಾಚಿಕೆಯಿಲ್ಲದೆ ಒಪ್ಪಿಕೊಳ್ಳುತ್ತೇನೆ. ಕಿಟಕಿಯ ಪಕ್ಕ ಕೂತು ಬರೆಯಲು ನೋಡಿದೆ. ಮೂರನೆಯ ಸಾಲಿನಲ್ಲಿ ಒಂದು ನಾಮ ಬಿಟ್ಟುಹೋಯಿತು. ಮತ್ತೆ ಬರೆದೆ, ಮತ್ತೆ ಬಿಟ್ಟಿತು. ಒಬ್ಬ ಮನುಷ್ಯ ತನ್ನ ಕಣ್ಣನ್ನೂ ಕೈಯನ್ನೂ ಸುಳ್ಳೇ ಕಳೆದುಕೊಂಡು ಗೋಡೆಯಾಚೆ ಕೂತಿದ್ದಾನೆ, ನಾನು ಈಚೆ ಕೂತು ದೇವರ ಹೆಸರು ಬರೆಯುತ್ತಿದ್ದೇನೆ. ಪೆನ್ನು ಮುಚ್ಚಿಟ್ಟೆ.

ಸೋಮವಾರ ಬೆಳಗ್ಗೆ ಅವರ ಬಾಗಿಲು ತಟ್ಟಿದಾಗ ಫಿನ್‌ಬಾರ್ ಒಳ್ಳೆಯ ಕೋಟು ಹಾಕಿಕೊಂಡು, ಕಾಗದಗಳ ಲಕೋಟೆ ಹಿಡಿದು ಹೊರಡಲು ನಿಂತಿದ್ದರು. ಹೊಸ್ತಿಲಲ್ಲೇ ಎಲ್ಲ ಹೇಳಿದೆ. ಆಯುಧಪೂಜೆ ಎಂದರೇನು, ಕುಂಕುಮ ಎಂದರೇನು, ತಟ್ಟೆಯ ತಳ, ಶನಿವಾರ ಕಂಡೂ ಸುಮ್ಮನಿದ್ದದ್ದು, ಭಾನುವಾರ ಇಡೀ ಸುಮ್ಮನಿದ್ದದ್ದು. ನನ್ನ ಇಂಗ್ಲಿಷು ಅಷ್ಟು ಉದ್ದ ಯಾವತ್ತೂ ಓಡಿರಲಿಲ್ಲ. ಮುಗಿದ ಮೇಲೆ ಅವರು ನನ್ನ ಹಣೆಯನ್ನು ನೋಡಿದರು, ಅಲ್ಲಿಯ ಬೊಟ್ಟನ್ನು, ಮೊದಲ ಸಲ ಕಂಡವರ ಹಾಗೆ.

"ನನ್ನ ಕೈ ಹೋಗ್ತಿತ್ತು, ಗೊತ್ತಾ ನಿನಗೆ?"

ಗೊತ್ತು ಎಂದೆ.

"ಮೊನ್ನೆ ಕಾರಲ್ಲಿ ಗೊತ್ತಿತ್ತು. ಮತ್ತೆ ಬಾಯಿ ಮುಚ್ಕೊಂಡು ಕೂತಿದ್ದೆ."

ಹೌದು ಎಂದೆ. ಬಾಗಿಲು ಹಾಕಿಕೊಂಡರು. ಜೋರಾಗಿ ಏನಲ್ಲ, ಮೆಲ್ಲಗೆ. ಜೋರಾಗಿ ಹಾಕಿದ್ದರೆ ಚೆನ್ನಾಗಿತ್ತು. ದೇವರ ಬಗ್ಗೆ ಒಂದು ಮಾತೂ ಆಡಲಿಲ್ಲವಲ್ಲ, ಅದೊಂದು ದಯೆ ಎಂದು ಗೇಟಿನವರೆಗೆ ಹೇಳಿಕೊಂಡು ಬಂದೆ, ಆಮೇಲೆ ಅತ್ತುಬಿಟ್ಟೆ. ಮನೆಗೆ ಬಂದು ಕಿಟಕಿಯಿಂದ ನೋಡುತ್ತಲೇ ಇದ್ದೆ. ಕಾರು ಹೊರಡಲಿಲ್ಲ.

ಐದು ದಿನ ಅವರ ಮುಖ ಕಾಣಲಿಲ್ಲ. ಶನಿವಾರ ಒಂಬತ್ತೂವರೆಗೆ ಒಂದು ಹಾರ್ನ್ ಕೇಳಿತು. ಓಡಿದೆ, ಚಿತ್ರಾನ್ನವೂ ಇಲ್ಲ, ಜಾಕೆಟ್ಟೂ ಇಲ್ಲ. ಕೋಣೆಯಲ್ಲಿ ಅವರು ತಟ್ಟೆಯನ್ನು ನನ್ನ ಎದುರಿಗೇ ಕುಂಕುಮ ಸಮೇತ ತೂಗಿದರು, ಒರೆಸಿ ಮತ್ತೆ ತೂಗಿದರು. ಕಡ್ಡಿ ಎರಡು ಸಲವೂ ಬೇರೆ ಬೇರೆ ಕಡೆ ನಿಂತಿತು. ತೂಗಲು ಗೊತ್ತಿರುವವರಿಗೆ ಬೇರೆ ಸಾಕ್ಷಿ ಬೇಡ.

ಇಪ್ಪತ್ತು ತುಂಬಿದರು. ನನ್ನನ್ನು ಮೇಜಿನಿಂದ ಮೂರು ಹೆಜ್ಜೆ ದೂರ ನಿಲ್ಲಿಸಿದ್ದರು, ಅದು ಸರಿಯೇ. ಮೊದಲ ಹತ್ತನ್ನು ಮರಳಿನ ಚೀಲದ ಮೇಲೆ ಕೈಯಿಟ್ಟು ಹಾರಿಸಿದರು. ಅಂಕಿಗಳು ಬಂದವು, ಒಂದರ ಹಿಂದೆ ಒಂದು, ಮತ್ತೆ ಅದೇ ಅಣ್ಣತಮ್ಮಂದಿರು. ಮಂಜು ಅವತ್ತು ಹಾಲಿನಷ್ಟು ದಟ್ಟ, ಅದರೊಳಗಿಂದ ಗುರಿಯ ಕಾಗದ ಮಾತ್ರ ಮಸುಕಾಗಿ ತೇಲುತ್ತಿತ್ತು. ಅದು ಹತ್ತಿರವಿದೆಯೋ ದೂರವಿದೆಯೋ ಹೇಳಲಾಗುತ್ತಿರಲಿಲ್ಲ.

ಇನ್ನುಳಿದ ಹತ್ತನ್ನು ಎದ್ದು ನಿಂತು, ಸ್ಪರ್ಧೆಯಲ್ಲಿ ನಿಲ್ಲುವ ಹಾಗೆ ಒಂದೇ ಕೈ ಚಾಚಿ ಹಾರಿಸಿದರು. ವೇಗ ಅದೇ. ಆದರೆ ಕಾಗದ ತಂದು ನೋಡಿದಾಗ ಏಳು ತೂತು ನಡುವಿನಲ್ಲಿ, ಮೂರು ದೂರದಲ್ಲಿ, ದಾರಿ ತಪ್ಪಿದ ಹಾಗೆ. ಅವರು ಆ ಮೂರರ ಮೇಲೆ ಬೆರಳಿಟ್ಟರು.

"ಇವು ಮೂರು ನನ್ನವು," ಎಂದರು. "ಮದ್ದಿಂದಲ್ಲ, ಕುಂಕುಮದ್ದಲ್ಲ. ನನ್ನವು ಯಾವು ಅಂತ ಗೊತ್ತಾದ್ರೆ ಸಾಕು. ಗ್ರ್ಯಾಂಡ್."

ಪರವಾನಗಿ ಒಪ್ಪಿಸಲಿಲ್ಲ. ಆ ವಸಂತದ ಸ್ಪರ್ಧೆಯಲ್ಲಿ ಪಟ್ಟಿಯ ಕೆಳಗಿನ ಅರ್ಧದಲ್ಲೆಲ್ಲೋ ಬಂದರು, ಕ್ಲಬ್ಬಿನ ಕ್ಯಾಂಟೀನಿನಲ್ಲಿ ನನಗೆ ಕೇಕು ಕೊಡಿಸಿದರು, ಮೊಟ್ಟೆ ಇಲ್ಲದ್ದು ಎಂದು ಮೂರು ಸಲ ವಿಚಾರಿಸಿ. ಮರುವರ್ಷ, ಅದರ ಮರುವರ್ಷ, ಹೀಗೆ ನಾಲ್ಕು ವರ್ಷ. ನಾನು ತಕ್ಕಡಿಯ ಮೂರು ಹೆಜ್ಜೆ ದೂರವನ್ನು ಯಾವತ್ತೂ ಮೀರಲಿಲ್ಲ, ಮೀರು ಎಂದು ಅವರೂ ಹೇಳಲಿಲ್ಲ. ದೂರದ ತೂತುಗಳು ಮೂರಿದ್ದವು ನಾಲ್ಕಾದವು, ಐದಾದವು. ಪ್ರತಿ ಸಲವೂ ಅವುಗಳನ್ನು ಎಣಿಸಿ, ಇವು ನನ್ನವು ಎನ್ನುತ್ತಿದ್ದರು. ದುಃಖದಿಂದಲ್ಲ. ಮಕ್ಕಳ ಹೆಸರು ಹೇಳುವವರ ಹಾಗೆ.

ನಿನ್ನೆ ಗುರುವಾರ ಅವರೇ ಬಂದು ಬಾಗಿಲು ತಟ್ಟಿದರು. ಅದೇ ಒಳ್ಳೆಯ ಕೋಟು, ಕೈಯಲ್ಲಿ ಲಕೋಟೆ. ಜೊತೆಗೆ ಬರ್ತೀಯಾ ಎಂದರು. ನನಗೆ ಅರ್ಥವಾಯಿತು. ಯಾಕೆ ಎಂದು ಕೇಳಲಿಲ್ಲ, ಆದರೆ ನನ್ನ ಮುಖ ಕೇಳಿತೆಂದು ಕಾಣುತ್ತದೆ.

"ನೀನು ಏನೂ ಮಾಡಿಲ್ಲ ಈ ಸಲ. ಬಂದು ನೋಡು ಅಂತ ಕರೀತಿದೀನಿ, ಅಷ್ಟೇ. ಆಮೇಲೆ ರಾತ್ರಿ ಎದ್ದು ಕೂತು ಯೋಚನೆ ಮಾಡ್ಬಾರ್ದು ನೀನು."

ಮನೆಗೆ ಬೀಗ ಹಾಕಿ ಹೊರಟೆ. ಸ್ಟೇಷನ್ನಿನಲ್ಲಿ ಕೆಲಸ ಹತ್ತು ನಿಮಿಷದ್ದು. ಕೌಂಟರಿನ ಹಿಂದಿನ ಗಾರ್ಡಾ ಹುಡುಗಿ, ಮಗಳಿಗಿಂತ ನಾಲ್ಕೈದು ವರ್ಷ ದೊಡ್ಡವಳಿರಬೇಕು, ಇದು ಮತ್ತೆ ಸಿಗೋದಿಲ್ಲ, ಗೊತ್ತಲ್ಲ ಎಂದು ಮರ್ಯಾದೆಯಿಂದ ಕೇಳಿದಳು. ಗೊತ್ತು ಎಂದರು. ಸಹಿ ಹಾಕುವಾಗ ಕೈ ಕಾಗದದ ಮೇಲೆ ಒಂದು ಸಲ ಅಲ್ಲಾಡಿ, ಅಕ್ಷರ ಗೆರೆಯಿಂದ ಕೆಳಗೆ ಇಳಿಯಿತು. ಅವರು ಅದನ್ನು ನೋಡಿದರು, ತಿದ್ದಲಿಲ್ಲ.

ವಾಪಸ್ಸು ಬರುವಾಗ ಪಾರ್ಕಿನೊಳಗಿಂದ ಹೋಗೋಣ ಎಂದರು. ನಮ್ಮೂರಿನ ಈ ದೊಡ್ಡ ಪಾರ್ಕು ಹಿಂದೆ ಮದ್ದು ಅರೆಯುವ ಗಿರಣಿಯಾಗಿತ್ತು. ಮದ್ದಿನ ಪೀಪಾಯಿಗಳು ದೋಣಿಯಲ್ಲಿ ಹೋಗುತ್ತಿದ್ದ ಕಾಲುವೆಗಳು ಈಗಲೂ ಇವೆ, ಹಸಿರು ಪಾಚಿ ಹೊದ್ದು ಮಲಗಿವೆ. ಬೆಂಕಿ ತಾಗದಿರಲಿ ಎಂದು ಎಲ್ಲವನ್ನೂ ನೀರಿನ ಮೇಲೆಯೇ ಸಾಗಿಸುತ್ತಿದ್ದರಂತೆ. ಕಾಲುವೆಯ ಅಂಚಿನಲ್ಲಿ ಒಂದು ಬೂದುಬಣ್ಣದ ಉದ್ದ ಕಾಲಿನ ಹಕ್ಕಿ ಕದಲದೆ ನಿಂತಿತ್ತು. ನಾವು ಹತ್ತಿರ ಹೋದರೂ ಹಾರಲಿಲ್ಲ. ನೀರಿನ ಮೇಲೆ ಎಲೆಗಳು ಬಹಳ ನಿಧಾನವಾಗಿ, ಎಲ್ಲವೂ ಒಂದೇ ವೇಗದಲ್ಲಿ ಹೋಗುತ್ತಿದ್ದವು.

ಫಿನ್‌ಬಾರ್ ಕೈಗಳನ್ನು ಕೋಟಿನ ಜೇಬಿನಲ್ಲಿಟ್ಟುಕೊಂಡು ಸ್ವಲ್ಪ ದೂರ ನಡೆದರು. ಆಮೇಲೆ ನನ್ನ ಕಡೆ ತಿರುಗಿ, ನಿಜವಾಗಿಯೂ ಗೊತ್ತಿಲ್ಲದವರು ಕೇಳುವ ಹಾಗೆ, ಶನಿವಾರ ಬೆಳಗ್ಗೆ ಜನ ಏನು ಮಾಡುತ್ತಾರೆ ಎಂದು ಕೇಳಿದರು.

ಹೇಳಲು ಬಾಯಿ ತೆರೆದೆ. ಆರು ವರ್ಷದಿಂದ ನನ್ನ ಶನಿವಾರಗಳೂ ಆ ಗುಡ್ಡದ ಮೇಲೆಯೇ ಇದ್ದವು, ನನಗೂ ಗೊತ್ತಿರಲಿಲ್ಲ.

"ಗೊತ್ತಿಲ್ಲ," ಎಂದೆ.

"ಹಂಗಾದ್ರೆ ಇಬ್ಬರೂ ವಿಚಾರಿಸ್ಬೇಕು," ಎಂದರು.

ನಾಳೆ ಶನಿವಾರ. ಸಾರು ಕುದ್ದು ಅರ್ಧವಾಗಿದೆ, ಇಳಿಸಬೇಕು. ಒಂಬತ್ತೂವರೆಗೆ ಗೇಟಿನ ಹತ್ತಿರ ನಿಂತಿರುತ್ತೇನೆ ಎಂದು ಅವರಿಗೆ ಹೇಳಿ ಕಳಿಸಿದ್ದೇನೆ. ಎಲ್ಲಿಗೆ ಎಂದು ಅವರೂ ಕೇಳಿಲ್ಲ, ನಾನೂ ಹೇಳಿಲ್ಲ.